ಶಿರಹಟ್ಟಿಯಲ್ಲಿ ಯಾರೂ ಶಿರಹಟ್ಟಿ ಅಲ್ಲ

ಅಥವಾ ಮೊದಲು ನಕ್ಕದ್ದು ಕಂಡಕ್ಟರ್ ಅಲ್ಲವೇನೋ. ಈ ಪ್ರಸಂಗವನ್ನು ಎಷ್ಟೋ ಸಲ ಹೇಳಿದ್ದೇನೆ, ಹೇಳಿದಾಗಲೆಲ್ಲ ಅವನೇ ಮೊದಲು ನಗುತ್ತಾನೆ. ಆದರೆ ಈಗ ಬರೆಯಲು ಕೂತರೆ ನಗು ನನ್ನ ಬೆನ್ನ ಹಿಂದಿನಿಂದ, ಹೆಂಗಸರು ಕೂತಿದ್ದ ಸೀಟುಗಳಿಂದ ಬಂದ ಹಾಗೆ ಅನ್ನಿಸುತ್ತದೆ. ಬಸ್ಸು ಗದಗ ಬಿಟ್ಟಿತ್ತೋ ಇನ್ನೂ ನಿಲ್ದಾಣದಲ್ಲೇ ನಿಂತಿತ್ತೋ, ಅದೂ ಎರಡು ತರಹ ನೆನಪಿದೆ. ಒಂದರಲ್ಲಿ ಕಿಟಕಿಯ ಹೊರಗೆ ಕಪ್ಪು ಎರೆಭೂಮಿ ಓಡುತ್ತದೆ. ಇನ್ನೊಂದರಲ್ಲಿ ಬಾಳೆಹಣ್ಣಿನ ಗಾಡಿ ನಿಂತಿದೆ. ಎರಡನ್ನೂ ನಾನು ನಂಬುವುದಿಲ್ಲ. ನಂಬುವುದು ಮಾತುಗಳನ್ನು ಮಾತ್ರ, ಅವನ್ನೂ ಸುಮಾರಾಗಿ.

“ಆಧಾರ್ ತೋರ್ಸವಾ,” ಅಂದ ಕಂಡಕ್ಟರ್. ಈ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಇಲ್ಲಿಯವರೆಂದು ಗುರುತು ತೋರಿಸಿದರೆ ಸಾಕು. ನಾನು ತೋರಿಸಿದೆ. ಅವನು ಅದನ್ನು ಬೆಳಕಿಗೆ ಹಿಡಿದು ಬಸ್ಸಿಗೆಲ್ಲ ಕೇಳುವಂತೆ ಓದಿದ.

“ಮಂಜುಳಾ ಯಲ್ಲಪ್ಪ ಶಿರಹಟ್ಟಿ. ಹೊಂಟಿದ್ದ ಎಲ್ಲಿಗವಾ?”

“ಶಿರಹಟ್ಟಿಗೆ.”

“ಹೆಸರ ಶಿರಹಟ್ಟಿ, ಹೊಂಟಿದ್ದ ಶಿರಹಟ್ಟಿಗೆ, ಅಡ್ರೆಸ್ ನೋಡಿದ್ರ ಗೋವಾ! ನಿಂದ ಫ್ರೀ ಆಗಂಗಿಲ್ಲ ತಂಗಿ. ರೊಕ್ಕಾ ತಗಿ.”

ಹಿಂದಿನ ಸೀಟಿನಿಂದ ಒಬ್ಬ ಮುದುಕಿ ಕೂಗಿದಳು: “ಶಿರಹಟ್ಟ್ಯಾಗ ಶಿರಹಟ್ಟಿ ಅನ್ನೋರ ಮನಿ ಯಾವ್ದ ಅದ? ನಾ ಅಲ್ಲೇ ಹುಟ್ಟೇನಿ, ಅಲ್ಲೇ ಮುದುಕಿ ಆಗೇನಿ, ಒಬ್ಬರನ್ನೂ ಕಂಡಿಲ್ಲ.”

ಆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಟ್ಟ ಹೆಂಗಸು ನಾನೊಬ್ಬಳೇ. ಅಪ್ಪನ ಊರಿಗೆ ನಾನು ಬಂದದ್ದು ಹೀಗೆ.

ಗೋವಾದ ವಾಸ್ಕೋದಲ್ಲಿ ಇದನ್ನು ಓದುವ ನಮ್ಮವರಿಗೆ ಈ ಹೆಸರಿನ ವಿಷಯ ಬಿಡಿಸಿ ಹೇಳಬೇಕಿಲ್ಲ. ನಿಮ್ಮಲ್ಲಿ ಅರ್ಧ ಜನ ಬಾಗಲಕೋಟಿ, ಕೊಪ್ಪಳ, ರೋಣ, ಕುಷ್ಟಗಿ. ಅಪ್ಪ ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ ಗೋವಾಕ್ಕೆ ಬಂದಾಗ ಅವರ ಗುಂಪಿನಲ್ಲಿ ಯಲ್ಲಪ್ಪಂದಿರು ಬಹಳ ಇದ್ದರಂತೆ. ಒಬ್ಬ ಗಜೇಂದ್ರಗಡ ಯಲ್ಲಪ್ಪ ಆದ, ಒಬ್ಬ ನರಗುಂದ ಯಲ್ಲಪ್ಪ ಆದ, ಅಪ್ಪ ಶಿರಹಟ್ಟಿ ಯಲ್ಲಪ್ಪ ಆದ. ನನ್ನನ್ನು ಶಾಲೆಗೆ ಸೇರಿಸುವಾಗ ಅಡ್ಡಹೆಸರು ಕೇಳಿದರು, ಅಪ್ಪ ತನ್ನನ್ನು ಎಲ್ಲರೂ ಕರೆಯುತ್ತಿದ್ದುದನ್ನೇ ಹೇಳಿದ. ತಪ್ಪೇನೂ ಅಲ್ಲ. ನಮ್ಮ ಕಡೆ ಊರು ಬಿಟ್ಟವನಿಗೆ ಬಿಟ್ಟ ಊರೇ ಹೆಸರಾಗುವುದು ರೂಢಿ. ಆದರೆ ಆ ರೂಢಿಯ ಇನ್ನೊಂದು ತುದಿಯನ್ನು ಅಪ್ಪ ಯೋಚಿಸಿರಲಿಲ್ಲ: ಆ ಹೆಸರು ಊರಿನ ಹೊರಗೆ ಮಾತ್ರ ನಡೆಯುತ್ತದೆ. ಊರೊಳಗೆ ನಮ್ಮದು ಬೆಳ್ಳಟ್ಟಿಯವರ ಮನೆ. ಬೆಳ್ಳಟ್ಟಿ ಅದೇ ತಾಲ್ಲೂಕಿನ ಇನ್ನೊಂದು ಹಳ್ಳಿ. ಯಾವುದೋ ಕಾಲಕ್ಕೆ ಮುತ್ತಜ್ಜನ ಅಜ್ಜನೋ ಅವನ ಅಪ್ಪನೋ ಅಲ್ಲಿಂದ ಎದ್ದು ಬಂದಿದ್ದನಂತೆ.

ನಾನು ಯಾಕೆ ಬಂದೆ ಎನ್ನುವುದಕ್ಕೆ ಎರಡು ಉತ್ತರ ಇಟ್ಟುಕೊಂಡಿದ್ದೇನೆ, ಕೇಳುವವರನ್ನು ನೋಡಿ ಒಂದನ್ನು ಕೊಡುತ್ತೇನೆ. ಮೊದಲನೆಯದು ಓದಿನದು. ನಮ್ಮ ಒಂದೇ ಕೋಣೆಯ ಬಾಡಿಗೆ ಖೋಲಿಯ ಹತ್ತಿರ ಒಂದು ನಾಕಾ ಇತ್ತು, ಬೆಳಿಗ್ಗೆ ಕೂಲಿಯವರು ಬಂದು ನಿಲ್ಲುವ ಕೂಡುರಸ್ತೆ. ಆಳುಗಳನ್ನು ಕರೆದೊಯ್ಯುವ ಮುಕಾದಮ ಗಾಡಿಯಿಂದ ಇಳಿಯದೆ ಬೆರಳು ತೋರಿಸುತ್ತಿದ್ದ; ತೋರಿಸಿಕೊಂಡವರು ಹತ್ತುತ್ತಿದ್ದರು, ಉಳಿದವರು ಚಹಾ ಕುಡಿದು ಮನೆಗೆ ಬರುತ್ತಿದ್ದರು. ಹನ್ನೆರಡನೆಯ ತರಗತಿಯಲ್ಲಿ ಕಾಮರ್ಸ್ ಓದುವಾಗ ಅರ್ಥಶಾಸ್ತ್ರದ ಪುಸ್ತಕದಲ್ಲಿ ನಿರುದ್ಯೋಗದ ಬಗೆಗಳ ಬಗ್ಗೆ ಒಂದು ಪಾಠ ಬಂತು. ಅಪ್ಪ ಚಹಾ ಕುಡಿದು ವಾಪಸು ಬರುವುದಕ್ಕೆ ಪುಸ್ತಕದಲ್ಲಿ ಹೆಸರಿದೆ ಎಂದು ತಿಳಿದಾಗ ನನಗೆ ಸಿಟ್ಟು ಬಂತೋ ಸಂತೋಷವಾಯಿತೋ ಈಗ ಹೇಳಲಾರೆ. ಅದನ್ನೇ ಓದಬೇಕು, ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರ ಎರಡೂ ಇರುವ ಬಿಎ ಸೇರಬೇಕು ಎಂದು ಹಟ ಹಿಡಿದೆ.

ಎರಡನೆಯ ಉತ್ತರ ಚಿಕ್ಕದು. ಗೋವಾದಲ್ಲಿ ಸೀಟು ಕೇಳಲು ಹೋದಾಗ ಬಹಳ ವರ್ಷ ಅಲ್ಲೇ ವಾಸವಿದ್ದ ದಾಖಲೆ ಕೇಳಿದರು, ಶಾಲೆಯ ಕಾಗದ ಸಾಲದೆಂದರು. ನಾವು ಖೋಲಿಯಿಂದ ಖೋಲಿಗೆ ತಿರುಗಿದವರು, ಬಾಡಿಗೆ ಚೀಟಿ ಎಂಬುದನ್ನು ಕಂಡವರಲ್ಲ. ಕೊಂಕಣಿಯಲ್ಲಿ ಭಾಯ್ಲೆ ಎನ್ನುತ್ತಾರೆ, ಹೊರಗಿನವರು ಎಂದು. ಅಪ್ಪ ಸಮಾಧಾನ ಹೇಳಿದ: “ಇಲ್ಲಿ ಭಾಯ್ಲೆ ಅಂದ್ರ ಅಂತಾರ ಬಿಡು. ನಮ್ಮೂರಿಗೆ ಹೋಗು. ಅಲ್ಲಿ ನಿನ್ನ ಯಾರ್ ಕೇಳ್ತಾರ? ನಿಮ್ಮಪ್ಪನ ಊರದು.”

ಅಪ್ಪನ ಊರಿನಲ್ಲಿ ನನ್ನನ್ನು ಮೊದಲು ಹೊಡೆದದ್ದು ಗಾಳಿ. ಸಮುದ್ರದ ಗಾಳಿಗೆ ಮೈ ಅಂಟುತ್ತದೆ; ಇಲ್ಲಿಯದು ಮೈಯಿಂದ ಏನನ್ನೋ ಕಿತ್ತುಕೊಂಡು ಹೋಗುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ವಾಸ್ಕೋದ ಮಳೆಗಾಲದಲ್ಲಿ ವಾರವಾದರೂ ಹಸಿಯಾಗಿರುತ್ತಿದ್ದ ಬಟ್ಟೆ ಇಲ್ಲಿ ನೋಡನೋಡುತ್ತ ಹಪ್ಪಳವಾಗುತ್ತಿತ್ತು. ತುಟಿ ಒಡೆಯಿತು. ನೀರು ದಿನಾ ಬರುವುದಿಲ್ಲ, ಬಿಟ್ಟ ದಿನ ಓಣಿಯ ಕೊಡಗಳೆಲ್ಲ ಬೀದಿಗೆ ಬರುತ್ತವೆ. ಅಪ್ಪನ ಅವ್ವ, ನಾನು ಆಯಿ ಎಂದು ಕರೆಯುವವಳು, ನಾನು ಮುಖ ತೊಳೆಯುವುದನ್ನು ನಿಂತು ನೋಡಿ ಹೇಳಿದಳು: “ಯವ್ವಾ, ಸಮುದ್ರ ಮನ್ಯಾಗ ಇಟ್ಕೊಂಡ ಬೆಳದಾಕಿ ನೀ. ಇಲ್ಲಿ ಹಂಗ ಸುರೀಬ್ಯಾಡ.”

ಊಟದ ವಿಷಯ ಬರೆದರೆ ಅವ್ವ ಓದಿ ಅಳುತ್ತಾಳೆ, ಆದರೂ ಬರೆಯುತ್ತೇನೆ. ಮೀನು ಇಲ್ಲ. ಮೀನಿನ ಮಾತೂ ಇಲ್ಲ. ಕಟಕ್ ರೊಟ್ಟಿ, ಎಂದರೆ ತಿಂಗಳುಗಟ್ಟಲೆ ಇಟ್ಟರೂ ಕೆಡದ ಗರಿಗರಿ ಜೋಳದ ರೊಟ್ಟಿ. ಅದರ ಜೊತೆ ಶೇಂಗಾ ಚಟ್ನಿ, ಹುಳಿ ಸೊಪ್ಪಿನ ಪುಂಡಿಪಲ್ಯ. ಪುಂಡಿಯ ಹುಳಿ ಮಾತ್ರ ನನಗೆ ಮೀನಿನ ಸಾರಿನ ಹುಳಿಯನ್ನು ನೆನಪಿಸುತ್ತಿತ್ತು. ಹಾಗೆಂದು ಆಯಿಗೆ ಹೇಳಿದ್ದು ಮೂರ್ಖತನ. ಆಕೆ ಆ ದಿನ ಪುಂಡಿಪಲ್ಯ ಮುಟ್ಟಲಿಲ್ಲ.

ಅಪ್ಪನ ತಮ್ಮ ಈರಪ್ಪ, ನನ್ನ ಕಾಕಾ, ಟ್ರ್ಯಾಕ್ಟರ್ ಓಡಿಸುತ್ತಾನೆ. ಕಾಲೇಜು ಹುಡುಕಲು ಅವನೇ ನನ್ನನ್ನು ಮೋಟರ್ ಸೈಕಲ್ ಮೇಲೆ ಕೂರಿಸಿಕೊಂಡು ತಿರುಗಿದ. ಲಕ್ಷ್ಮೇಶ್ವರದ ಒಂದು ಕಾಲೇಜಿನಲ್ಲಿ ಬಿಎ ಇತ್ತು, ಆದರೆ ಆ ವರ್ಷ ಅರ್ಥಶಾಸ್ತ್ರ ಕೇಳಿದವರು ಬೆರಳೆಣಿಕೆಯಷ್ಟು. ಇಷ್ಟು ಜನಕ್ಕೆ ತರಗತಿ ನಡೆಸಲಾಗದು, ಇತಿಹಾಸ ಮತ್ತು ಐಚ್ಛಿಕ ಕನ್ನಡದ ಗುಂಪಿಗೆ ಬಾ ಎಂದರು. ಮುಂಡರಗಿಯಲ್ಲಿ ನನಗೆ ಬೇಕಾದ ಗುಂಪು ಇತ್ತು, ಆದರೆ ಶಿರಹಟ್ಟಿಯಿಂದ ಅಲ್ಲಿಗೆ ದಿನಾ ಹೋಗಿ ಬರುವ ಬಸ್ಸುಗಳ ಹೊತ್ತು ಕಾಲೇಜಿನ ಹೊತ್ತಿಗೆ ಕೂಡುತ್ತಿರಲಿಲ್ಲ. ಅಲ್ಲೇ ಇರಲು ನೆಂಟರಿಲ್ಲ. ಇಲ್ಲಿಯ ಹುಡುಗಿಯರು ಏನು ಓದುತ್ತಾರೆ ಎಂಬುದನ್ನು ಬಸ್ಸಿನ ವೇಳಾಪಟ್ಟಿ ತೀರ್ಮಾನಿಸುತ್ತದೆ ಎಂದು ನನಗೆ ತಿಳಿದದ್ದು ಆಗ. ಸಂಜೆ ದೀಪ ಹಚ್ಚುವ ಮೊದಲು ಮನೆ ಮುಟ್ಟಿಸುವ ಬಸ್ಸು ಯಾವ ಕಾಲೇಜಿನ ಮುಂದೆ ನಿಲ್ಲುತ್ತದೋ ಅಲ್ಲಿ ಕಲಿಸುವುದೇ ಅವರ ವಿಷಯ.

ಕೊನೆಗೆ ಗದಗ. ಅಲ್ಲಿಯ ಕಾಲೇಜೊಂದರ ಪ್ರವೇಶದ ಕಿಟಕಿಯಲ್ಲಿ ಕೂತಿದ್ದ ಬಾಯಿಯವರು, ಎಂದರೆ ಮೇಡಂ, ಗಟ್ಟಿ ದನಿಯವರು, ಮಾತಿನಲ್ಲಿ ಕೆಟ್ಟವರಲ್ಲ.

“ಬಿಎ ಅಂದ್ರ ಒಂದ ಇರೂದಿಲ್ಲವಾ. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್ ಒಂದ ಗುಂಪ. ಹಿಸ್ಟರಿ, ಎಕನಾಮಿಕ್ಸ್, ಸೋಶಿಯಾಲಜಿ ಇನ್ನೊಂದ. ಸೈಕಾಲಜಿ ಬೇಕಂದ್ರ ಧಾರವಾಡಕ್ಕ ಹೋಗು. ಬಿಕಾಂ ಐತಿ, ಬಿಬಿಎ ಐತಿ. ನೀ ಏನ್ ಓದೀದಿ?”

“ಕಾಮರ್ಸ್ ರಿ.”

“ಹಂಗಂದ್ರ ನಿನಗ ಎಲ್ಲಾ ಬಾಗಲಾ ತಗದದಾವು. ಆರ್ಟ್ಸ್ ಓದಿದ್ರ ನಮ್ಮಲ್ಲೆ ಬಿಕಾಂ ಬಾಗಲಾ ಮುಚ್ಚಿರ್ತಿತ್ತು. ಬಿಕಾಂ ಹಾಕ್ಲಿ?”

“ಬಿಎ ರಿ. ಎಕನಾಮಿಕ್ಸ್, ಸೋಶಿಯಾಲಜಿ.”

ಬಾಯಿಯವರು ಕನ್ನಡಕ ಮೇಲೆತ್ತಿ ಕಾಕಾನ ಮುಖ ನೋಡಿದರು. “ಏನ್ರೀ ಇದು? ಮ್ಯಾಲಿನ ಮೆಟ್ಟಲಾ ಹತ್ತಿದಾಕಿ ಕೆಳಗ ಇಳೀತೇನಿ ಅಂತಾಳಲ್ಲ?”

“ಗೋವಾದ ಹುಡುಗಿ ನೋಡ್ರಿ, ನಮಗೂ ತಿಳೀವಲ್ದು,” ಅಂದ ಕಾಕಾ. ಇಬ್ಬರೂ ನಕ್ಕರು. ವಿಜ್ಞಾನ ಮೇಲೆ, ಕಾಮರ್ಸ್ ನಡುವೆ, ಕಲೆ ಕೆಳಗೆ ಎಂಬ ಮೆಟ್ಟಿಲು ವಾಸ್ಕೋದಲ್ಲೂ ಇತ್ತು. ಅದೊಂದು ವಿಷಯದಲ್ಲಿ ಎರಡೂ ಊರು ಒಂದೇ.

ನಂತರ ಅವರು ನನ್ನ ಅಂಕಪಟ್ಟಿಯನ್ನು ತಿರುಗಿಸಿ ನೋಡಿದರು, ನಗು ನಿಂತಿತು. ಆ ಕಾಲೇಜಿನಲ್ಲಿ ಎರಡು ಪಟ್ಟಿ: ಈ ರಾಜ್ಯದವರದೊಂದು, ಹೊರಗಿನವರದೊಂದು. ಹೊರಗಿನವರಿಗೆ ನನ್ನ ಗುಂಪಿನಲ್ಲಿ ಇಟ್ಟಿದ್ದ ಸೀಟು ತುಂಬಿಹೋಗಿತ್ತು. ರಾಜ್ಯದವರ ಪಟ್ಟಿಯಲ್ಲಿ ಜಾಗ ಇತ್ತು, ನನ್ನ ಅಂಕಗಳಿಗೆ ಸಲೀಸಾಗಿ ಸಿಗುತ್ತಿತ್ತು. ನಾನು ಇಲ್ಲಿಯ ಮೂಲದವಳೆಂದು ತಹಶೀಲ್ದಾರರ ಕಚೇರಿಯಿಂದ ದೃಢೀಕರಣ ತರಬೇಕು, ಅಷ್ಟೇ. ಸೀಟನ್ನು ತಾತ್ಕಾಲಿಕವಾಗಿ ಹಿಡಿದಿಡುತ್ತೇವೆ, ಕೊನೆಯ ದಿನದೊಳಗೆ ತಂದರೆ ನಿನ್ನದು, ತರದಿದ್ದರೆ ಮುಂದಿನವರಿಗೆ ಎಂದರು. “ನಿಮ್ಮಪ್ಪನ ಊರ ಅಲ್ಲೇನ? ಹೋಗಿ ತಗೊಂಡ ಬಾ. ಏನ್ ದೊಡ್ಡ ಕೆಲಸ.”

ಕೆಲವು ದಿನ ನಾನು ಸುಖವಾಗಿದ್ದೆ ಎಂದು ನೆನಪು. ಈ ಮಾತು ನಿಜವಿರಲಾರದು, ಆ ದಿನಗಳಲ್ಲಿ ರಾತ್ರಿ ನಿದ್ದೆ ಇಲ್ಲ ಎಂದು ಅವ್ವನಿಗೆ ಫೋನಿನಲ್ಲಿ ಹೇಳಿದ್ದೂ ನೆನಪಿದೆ. ಎರಡೂ ಇರಲಿ. ಒಂದು ವಿಷಯ ಮಾತ್ರ ಸ್ಪಷ್ಟವಾಗಿತ್ತು: ಸೀಟು ಸಿಗದಿದ್ದರೆ ನಾನು ವಾಸ್ಕೋಕ್ಕೆ ಹಿಂತಿರುಗಿ ಅವ್ವನ ಜೊತೆ ಫ್ಲ್ಯಾಟುಗಳ ನೆಲ ಒರೆಸಬೇಕು. ಮುಂದಿನ ವರ್ಷ ನೋಡೋಣ ಎಂದು ಅಪ್ಪ ಹೇಳುತ್ತಾನೆ, ಮುಂದಿನ ವರ್ಷ ಎಂಬುದು ನಮ್ಮ ಖೋಲಿಗಳ ಸಾಲಿನ ಯಾವ ಹುಡುಗಿಗೂ ಬಂದದ್ದನ್ನು ನಾನು ಕಂಡಿಲ್ಲ.

ತಹಶೀಲ್ದಾರರು ಸಹಿ ಹಾಕಬೇಕಾದರೆ ಮೊದಲು ಊರಿನ ಕಚೇರಿಯಿಂದ ವರದಿ ಹೋಗಬೇಕಿತ್ತು. ಆ ಕಚೇರಿಯ ಬೋರ್ಡಿನಲ್ಲಿ ಗ್ರಾಮ ಆಡಳಿತಾಧಿಕಾರಿ ಎಂದಿದೆ. ಊರಿನ ಬಾಯಲ್ಲಿ ಈಗಲೂ ತಲಾಟಿ. ಈ ತಲಾಟಿ ನನಗಿಂತ ಹೆಚ್ಚು ದೊಡ್ಡವನಲ್ಲದ ತರುಣ, ಪರಸ್ಥಳದವನು. ಅವನಿಗೂ ಈ ಊರು ಹೊಸದು. ನನ್ನ ಅಂಕಪಟ್ಟಿಯಲ್ಲಿ ಯಲ್ಲಪ್ಪ ಶಿರಹಟ್ಟಿ, ಅಜ್ಜನ ಮನೆಯ ಕಾಗದಗಳಲ್ಲಿ ಯಲ್ಲಪ್ಪ ಬೆಳ್ಳಟ್ಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ.

“ಇಬ್ಬರೂ ಒಬ್ಬರೇ ಅಂತ ನಾನು ಹೇಗೆ ಬರೀಲಿ?” ಎಂದ. “ಕೋರ್ಟಿನಲ್ಲಿ ಪ್ರಮಾಣಪತ್ರ ಮಾಡಿಸಿ, ಪೇಪರಿನಲ್ಲಿ ಹಾಕಿಸಿ. ಇಲ್ಲವೆಂದರೆ ನಾನೇ ಓಣಿಗೆ ಬಂದು ಪಂಚರ ಮುಂದೆ ವಿಚಾರಿಸಿ ಬರೀತೀನಿ. ನಾಲ್ಕು ಜನ ಹಿರಿಯರು ಇವಳು ನಮ್ಮವಳು ಅಂದರೆ ಸಾಕು.”

ಕೋರ್ಟಿನ ದಾರಿ ಕೊನೆಯ ದಿನವನ್ನು ದಾಟಿಹೋಗುತ್ತಿತ್ತು. ಪಂಚರನ್ನು ಆರಿಸಿಕೊಂಡೆವು. ಕಾಕಾ ಹಗುರಾಗಿದ್ದ. “ನಾಲ್ಕ ಮಂದಿ ಏನ, ನಲವತ್ತ ಮಂದಿ ಹೇಳ್ತಾರ.” ಅಪ್ಪನಿಗೆ ಫೋನು ಹಚ್ಚಿದೆ. ಅವನು ಸ್ಲ್ಯಾಬ್ ಹಾಕುವ ಕೆಲಸದಲ್ಲಿದ್ದ, ಬಿಟ್ಟು ಬಂದರೆ ಗುಂಪಿನಿಂದಲೇ ಕೈಬಿಡುತ್ತಾರೆ. ಯಂತ್ರದ ಸದ್ದಿನ ನಡುವೆ ಕೂಗಿದ: “ಫಕೀರಪ್ಪಜ್ಜ ಅದಾನಲ್ಲ! ಅಂವಾ ಒಂದ ಮಾತ ಅಂದ್ರ ಮುಗೀತು!”

ಫಕೀರಪ್ಪಜ್ಜ ನಮ್ಮ ಎದುರು ಮನೆಯವನು, ಓಣಿಗೆ ಹಿರಿಯ. ಅವನ ಬಗ್ಗೆ ಕೇಳಿದ್ದು ಇಷ್ಟು: ಸುಳ್ಳು ಆಡುವುದಿಲ್ಲ, ಯಾರ ಮನೆಯ ಜಗಳಕ್ಕೂ ಅವನೇ ಪಂಚ. ಅವನು ಮಾತಾಡಿದ ಮೇಲೆ ಅವನಿಗಿಂತ ಚಿಕ್ಕವರು ಬೇರೆ ಮಾತು ಆಡುವುದಿಲ್ಲ, ಅದು ಆ ಓಣಿಯ ರೀತಿ. ನಾನು ಬಂದಾಗಿನಿಂದ ಅವನು ನನ್ನನ್ನು ನೋಡಿದಾಗಲೆಲ್ಲ ತಲೆಯಾಡಿಸುತ್ತಿದ್ದ. ಅದು ನಮಸ್ಕಾರವೋ, ವಯಸ್ಸಿನ ನಡುಕವೋ, ನಾನು ಪರೀಕ್ಷಿಸಿರಲಿಲ್ಲ.

ತಲಾಟಿ ಬೆಳಿಗ್ಗೆ ಬಂದ. ನಮ್ಮ ಮನೆಯ ಕಟ್ಟೆಯ ಮೇಲೆ ಜಮಖಾನೆ ಹಾಸಿದೆವು. ಫಕೀರಪ್ಪಜ್ಜ ನಡುವೆ ಕೂತ, ಉಳಿದ ಮೂವರು ಅವನ ಆಚೆ ಈಚೆ. ಆಯಿ ಬಾಗಿಲಲ್ಲಿ ನಿಂತಳು. ನನ್ನನ್ನು ಕಟ್ಟೆಯ ಕೆಳಗೆ, ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು. ಮುಂದಿನದನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ ಯಾವ ಮಾತು ಆಗ ಆಡಿದ್ದು, ಯಾವುದು ನಾನು ನಂತರ ಸೇರಿಸಿದ್ದು ಎಂಬ ಗೆರೆ ಅಳಿಸಿಹೋಗಿದೆ. ಆಯಿಯನ್ನೂ ಕಾಕಾನನ್ನೂ ಬೇರೆಬೇರೆ ಕೇಳಿ, ಇಬ್ಬರೂ ಒಪ್ಪಿದಷ್ಟನ್ನು ಬರೆಯುತ್ತೇನೆ.

“ಅಜ್ಜಾವರ, ಯಲ್ಲಪ್ಪ ನಿಮಗೆ ಗೊತ್ತಾ?” ತಲಾಟಿ ಕೇಳಿದ.

“ಯಾವ ಯಲ್ಲಪ್ಪ?”

“ಈ ಮನೆಯವರು. ಗೋವಾದಲ್ಲಿರೋರು.”

“ಯಲ್ಲಪ್ಪ ಬೆಳ್ಳಟ್ಟಿ. ನನ್ನ ಕೈಯಾಗ ಆಡಿ ಬೆಳದಾಂವ. ಗೊತ್ತ ಅಲ್ಲ, ಅವನ ಮೈಮ್ಯಾಲಿನ ಮಚ್ಚಿ ಹೇಳ್ಲಿ?”

ಎಲ್ಲರೂ ನಕ್ಕರು. ಕಾಕಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

“ಯಲ್ಲಪ್ಪ ಶಿರಹಟ್ಟಿ ಅಂದ್ರೂ ಅವರೇ ಅಲ್ವಾ?”

ಅಜ್ಜ ತಲಾಟಿಯ ಪೆನ್ನು ನೋಡಿದ. “ಆ ಹೆಸರಿನಾಂವ ನನಗ ಗೊತ್ತಿಲ್ಲ.”

“ಅಜ್ಜಾ!” ಕಾಕಾ ಮುಂದೆ ಬಂದ. “ಗೋವಾದಾಗ ಅಣ್ಣಗ ಹಂಗ ಅಂತಾರ. ಅವನ ಇವ, ಇವನ ಅವ.”

“ಗೋವಾದಾಗ ಏನ್ ಅಂತಾರೋ ನಾ ಗೋವಾ ನೋಡೇನೇನಲೇ? ನನ್ನ ಕೇಳಿದ್ದಕ್ಕ ನನಗ ಗೊತ್ತಿದ್ದಷ್ಟ ಹೇಳ್ತೀನಿ. ಅವರು ಬರಕೊಳ್ಳಾಕತ್ತಾರ, ಹುಡುಗಾಟ ಅಲ್ಲ.”

ತಲಾಟಿ ನನ್ನ ಕಡೆ ಪೆನ್ನು ತೋರಿಸಿದ. “ಈ ಹುಡುಗಿ ಅವರ ಮಗಳು. ಇಲ್ಲಿಯವಳು ಅಂತ ನೀವು ಹೇಳ್ತೀರಾ? ಇಲ್ಲಿ ಇದ್ದಳಾ ಯಾವಾಗಾದರೂ?”

ಅಜ್ಜ ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದ. ಬಿಸಿಲು ನನ್ನ ಹಿಂದೆ ಇತ್ತು, ಹಾಗಾಗಿ ಅವನಿಗೆ ನನ್ನ ಮುಖ ಕಂಡಿತೋ ಇಲ್ಲವೋ. ಕಾಕಾ ಹೇಳುವಂತೆ ಬಿಸಿಲೇ ಇರಲಿಲ್ಲ, ಮೋಡವಿತ್ತು.

“ಯಾಕ ಸುಳ್ಳ ಹೇಳ್ಲಿ? ಈ ಮಳಿಗಾಲಕ್ಕ ಬಂದಾಳ. ಅದಕ್ಕಿಂತ ಮೊದಲ ಈಕಿನ್ನ ನಾ ನೋಡಿಲ್ಲ.”

ಆಯಿ ಬಾಗಿಲಿನಿಂದ ಕಿರುಚಿದಳು. “ಲೇ ಫಕೀರಾ! ನಿನಗ ಹುಳಾ ಬೀಳ್ಲಿ! ಹೆಣ್ಣ ಕೂಸಿನ ಹೊಟ್ಟಿ ಮ್ಯಾಲ ಕಾಲ ಇಡ್ತೀಯಲ್ಲೋ!”

“ಬೈಯವಾ, ಬೈ. ನಾ ಇಲ್ದದ್ದ ಹೇಳಾಂಗಿಲ್ಲ,” ಎಂದು ಅಜ್ಜ ಎದ್ದ. ಉಳಿದ ಮೂವರು ಜಮಖಾನೆಯ ಗೆರೆಗಳನ್ನು ನೋಡುತ್ತ ಕೂತರು. ಅವರಲ್ಲೊಬ್ಬ ಹಿಂದಿನ ದಿನ ನನಗೆ ಪೇರಲಹಣ್ಣು ಕೊಟ್ಟು “ಯಲ್ಲಪ್ಪನ ತದ್ರೂಪ” ಎಂದಿದ್ದ. ತಲಾಟಿ ಕೇಳಿದ್ದಕ್ಕೆ ಅವನು, “ಹಿರ್ಯಾರು ಹೇಳಿದ್ರಲ್ರಿ” ಎಂದ. ಇನ್ನಿಬ್ಬರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ತಲಾಟಿ ಕ್ರೂರಿಯಲ್ಲ. ಹೊರಡುವಾಗ ನನಗೆ ಮಾತ್ರ ಕೇಳುವಂತೆ, “ನಾನೇನು ಮಾಡಲಿ ಹೇಳಿ, ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ?” ಎಂದ. ದೃಢೀಕರಣ ಸಿಗಲಿಲ್ಲ. ಕೊನೆಯ ದಿನದ ಸಂಜೆ ನನ್ನ ಸೀಟು ಬೇರೆಯವರಿಗೆ ಹೋಯಿತು. ಯಾರಿಗೆ ಎಂದು ನಾನು ಕೇಳಿ ತಿಳಿದುಕೊಳ್ಳಲಿಲ್ಲ. ಮೂರು ವರ್ಷ ಆ ತರಗತಿಯ ಮುಂದಿನಿಂದ ಹಾದುಹೋಗುವಾಗ ಎಲ್ಲ ಬೆಂಚುಗಳೂ ನನ್ನವೇ ಅನ್ನಿಸಲಿ ಎಂದಿರಬೇಕು.

ಹೌದು, ಅದೇ ಕಾಲೇಜು. ನಾನು ವಾಪಸು ಹೋಗಲಿಲ್ಲ. ಕಿಟಕಿಯ ಬಾಯಿಯವರು ಹೊರಗಿನವರ ಪಟ್ಟಿಯಲ್ಲಿ ಬಿಬಿಎಗೆ ಸೀಟು ಖಾಲಿ ಇದೆ ಎಂದರು. ಯಾಕೆಂದರೆ ಹೊರಗಿನವರು ಯಾರೂ ಬಿಬಿಎ ಓದಲು ಗದಗಕ್ಕೆ ಬರುವುದಿಲ್ಲ. “ಕಾಮರ್ಸ್ ಓದೀದಿ, ಅರ್ಹತಾ ಐತಿ. ಗೋವಾದಾಕಿ ಅಂತನ ಬರಿ, ಇವತ್ತ ಆಗ್ತತಿ.” ಗೋವಾದಲ್ಲಿ ನನ್ನನ್ನು ಗೋವಾದವಳು ಎಂದು ಯಾರೂ ಬರೆದುಕೊಂಡಿರಲಿಲ್ಲ. ಗದಗದಲ್ಲಿ ಬರೆದುಕೊಂಡರು. ಬೇರೆ ಮಂಡಳಿಯಲ್ಲಿ ಓದಿದವಳೆಂಬ ಅರ್ಹತಾ ಪತ್ರ ಸರಾಗವಾಗಿ ಬಂತು, ಅದರಲ್ಲಿ ಯಾರೂ ಓಣಿಗೆ ಬಂದು ಕೇಳುವಂಥದ್ದು ಏನೂ ಇರಲಿಲ್ಲ.

ಬೆಟಗೇರಿಯಲ್ಲಿ ಒಂದು ಖೋಲಿ ಹಿಡಿದೆ. ಶಿರಹಟ್ಟಿಯಿಂದ ದಿನಾ ಓಡಾಡಬಹುದಿತ್ತು, ಆದರೆ ಎದುರು ಮನೆಯ ಬಾಗಿಲನ್ನು ದಿನಾ ನೋಡುವ ಶಕ್ತಿ ಇರಲಿಲ್ಲ. ಖೋಲಿಯ ಪಕ್ಕದಲ್ಲಿ ಮಗ್ಗ. ಮೊದಮೊದಲು ಅದರ ಲಟಪಟ ಸದ್ದಿಗೆ ಓದು ಹತ್ತುತ್ತಿರಲಿಲ್ಲ, ಆಮೇಲೆ ಅದು ನಿಂತ ದಿನ ಹತ್ತುತ್ತಿರಲಿಲ್ಲ. ಮಾರ್ಕೆಟಿಂಗ್, ಮಾನವ ಸಂಪನ್ಮೂಲ, ಉದ್ಯಮಶೀಲತೆ. ಮಾನವ ಸಂಪನ್ಮೂಲದ ಪುಸ್ತಕದಲ್ಲಿ ಆಯ್ಕೆಯ ವಿಧಾನಗಳ ಬಗ್ಗೆ ದೊಡ್ಡ ಪಾಠವಿತ್ತು, ಅರ್ಜಿ, ಪರೀಕ್ಷೆ, ಸಂದರ್ಶನ. ಗಾಡಿಯಿಂದ ಇಳಿಯದೆ ಬೆರಳು ತೋರಿಸುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ನಿಂತು ಕೇಳಿದೆ. ಮೇಷ್ಟ್ರು ಒಳ್ಳೆಯವರು, “ಅದು ಎಕನಾಮಿಕ್ಸ್‌ನವರ ಪ್ರಶ್ನೆ ಅವಾ, ನಮ್ಮ ಸಿಲಬಸ್‌ನಾಗ ಬರಂಗಿಲ್ಲ” ಎಂದರು.

ಇನ್ನೊಂದನ್ನು ಹೇಳದೆ ಬಿಡಲಾರೆ. ಪಿಯುಸಿಯಲ್ಲಿ ಕನ್ನಡ ಓದದವರಿಗೆ ಬಳಕೆ ಕನ್ನಡ ಎಂಬ ಬೇರೆ ತರಗತಿ. ನನ್ನ ಕನ್ನಡ ಶಾಲೆ ಏಳನೆಯ ತರಗತಿಗೇ ಮುಗಿದಿತ್ತು, ಆದ್ದರಿಂದ ಅಲ್ಲಿ ಹಾಕಿದರು. ರಾಜಸ್ಥಾನದ ಬಟ್ಟೆ ಅಂಗಡಿಯವರ ಮಗ ಮತ್ತು ನಾನು, ಇಬ್ಬರೇ. “ಇದು ಏನು? ಇದು ಪುಸ್ತಕ. ಅವರು ಯಾರು? ಅವರು ನನ್ನ ತಂದೆ.” ನಾನು ಆಯಿಯ ಭಾಷೆಯಲ್ಲಿ ಉತ್ತರಿಸಿದರೆ ಅವನು ತಿದ್ದುತ್ತಿದ್ದ: “ಐತಿ ಅಲ್ಲ ಸಿಸ್ಟರ್, ಇದೆ.” ಆ ವಿಷಯದಲ್ಲಿ ಕಾಲೇಜಿಗೆ ನಾನೇ ಮೊದಲು ಬಂದೆ. ನನ್ನ ಗೆಲುವುಗಳ ಲೆಕ್ಕದಲ್ಲಿ ಇದನ್ನು ಹಿಡಿಯಬೇಕೋ ಬೇಡವೋ ಓದುವವರು ನೋಡಿಕೊಳ್ಳಿ. ಗ್ರಂಥಾಲಯದಲ್ಲಿ ಸಿಕ್ಕ ಕನ್ನಡ ಪುಸ್ತಕಗಳನ್ನೆಲ್ಲ ಓದಿದ್ದು ಆ ಅವಮಾನದಿಂದಲೇ. ಈಗ ನೀವು ಓದುತ್ತಿರುವ ಕನ್ನಡ ಅಲ್ಲಿಂದ ಬಂದದ್ದು, ವಾಸ್ಕೋದಿಂದಲೂ ಅಲ್ಲ, ಶಿರಹಟ್ಟಿಯಿಂದಲೂ ಅಲ್ಲ.

ರಜೆಗೆ ವಾಸ್ಕೋಕ್ಕೆ ಹೋದರೆ ಅವ್ವ ಬಂಗಡೆ ಮೀನಿನ ಸಾರು ಮಾಡುತ್ತಿದ್ದಳು. ನನಗೆ ಅದರ ವಾಸನೆ ಖೋಲಿ ತುಂಬಿದಂತೆ ಅನ್ನಿಸಿ ಬಾಗಿಲು ತೆರೆಯುತ್ತಿದ್ದೆ. “ಬಂದ್ಳ ನೋಡ, ಗದಗದ ಸಾಹುಕಾರ್ತಿ” ಎಂದು ಸಾಲಿನವರು ಚೇಷ್ಟೆ ಮಾಡುತ್ತಿದ್ದರು. ಎರಡು ದಿನಕ್ಕೆ ರೊಟ್ಟಿ ಬೇಕೆನಿಸುತ್ತಿತ್ತು. ಬೆಟಗೇರಿಗೆ ಬಂದರೆ ಎರಡು ದಿನಕ್ಕೆ ಸಮುದ್ರ ಬೇಕೆನಿಸುತ್ತಿತ್ತು. ಇದನ್ನು ಎರಡು ಮನೆಗಳ ಭಾಗ್ಯ ಎಂದು ಕರೆಯುವವರನ್ನು ಕಂಡಿದ್ದೇನೆ. ಅವರು ಎರಡರಲ್ಲೂ ಚಾವಿ ಇದ್ದವರು.

ಎರಡನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ಗದಗದ ಬಸ್ ನಿಲ್ದಾಣದಲ್ಲಿ ಫಕೀರಪ್ಪಜ್ಜ ಸಿಕ್ಕ. ಕಣ್ಣಿನ ಆಸ್ಪತ್ರೆಗೆ ಬಂದಿದ್ದನಂತೆ, ಒಂದು ಕಣ್ಣಿಗೆ ಹಸಿರು ಪಟ್ಟಿ. ಬೋರ್ಡು ಕಾಣದೆ, ಬಂದ ಬಸ್ಸಿಗೆಲ್ಲ “ಶಿರಹಟ್ಟಿ ಏನ್ರಿ?” ಎಂದು ಕೇಳುತ್ತ ನಿಂತಿದ್ದ. ನಾನು ದೂರ ಸರಿಯಬಹುದಿತ್ತು. ಹತ್ತಿರ ಹೋಗಿ, “ಇನ್ನೂ ಬಂದಿಲ್ಲಜ್ಜಾ, ಕುಂಡ್ರಿ, ಬಂದ್ರ ನಾ ಹೇಳ್ತೀನಿ” ಎಂದೆ.

ಅವನು ಕೂತು ನನ್ನ ದನಿಯ ಕಡೆ ಮುಖ ತಿರುಗಿಸಿದ. “ಯಾರ ಪೈಕೆವಾ ನೀ?” ಇಲ್ಲಿ ಹೆಸರು ಕೇಳುವ ಮೊದಲು ಇದನ್ನು ಕೇಳುತ್ತಾರೆ, ಯಾವ ಮನೆತನಕ್ಕೆ ಸೇರಿದವಳು ಎಂದು.

ನಾನು ಉತ್ತರಿಸಲಿಲ್ಲ. ಉತ್ತರಿಸಿದೆನೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅವನು ಒಳ್ಳೆಯ ಕಣ್ಣನ್ನು ಹತ್ತಿರ ತಂದು ನೋಡಿದ, ಮುಖ ಅರಳಿತು.

“ಬೆಳ್ಳಟ್ಟ್ಯಾವರ ಯಲ್ಲಪ್ಪನ ಮಗಳಲ್ಲೇನ! ಹಣಿ ಮ್ಯಾಲಿನ ಕಲಿ ಹಂಗ ಐತಿ ನೋಡ. ಸಣ್ಣಾಕಿದ್ದಾಗ ಬಂದಿದ್ರಿ, ನಮ್ಮ ಕಟ್ಟಿ ಮ್ಯಾಲಿಂದ ಬಿದ್ದ ಒಡಕೊಂಡಿ. ನಾನ ಅರಿಷಿಣ ಒತ್ತಿ ಹಿಡದಿದ್ದೆ. ಏನ್ ಅತ್ತೆವಾ ನೀ ಆವತ್ತ!”

ನನ್ನ ಕೈ ಹಣೆಗೆ ಹೋಯಿತು. ಬಲ ಹುಬ್ಬಿನ ಮೇಲೆ ಒಂದು ಸಣ್ಣ ಗೆರೆ ಇದೆ, ಕನ್ನಡಿ ನೋಡುವಾಗಲೂ ನಾನು ಗಮನಿಸದಷ್ಟು ಹಳೆಯದು.

“ಮತ್ತ ತಲಾಟಿ ಮುಂದ ನೋಡಿಲ್ಲ ಅಂದ್ರಲ್ಲಜ್ಜಾ?”

“ಯಾವ ತಲಾಟಿ?”

“ನಮ್ಮ ಕಟ್ಟಿ ಮ್ಯಾಲ. ನನ್ನ ಕಾಲೇಜಿನ ಸಲುವಾಗಿ.”

ಅವನು ಯೋಚಿಸಿದ. ನಿಜವಾಗಿ ಯೋಚಿಸಿದ, ಅಷ್ಟನ್ನು ಹೇಳಬಲ್ಲೆ. “ಆವಾಗ ನೀ ಎಲ್ಲಿದ್ದೆವಾ?” ಎಂದ. ಅಷ್ಟರಲ್ಲಿ ಬಸ್ಸು ಬಂತು. ನಾನು ಅವನ ರಟ್ಟೆ ಹಿಡಿದು ಹತ್ತಿಸಿದೆ. “ಕಲಿ, ಚಲೋತಂಗ ಕಲಿ,” ಎಂದು ತಲೆ ಮುಟ್ಟಿದ. ಮರುವರ್ಷ ಚಳಿಗಾಲದಲ್ಲಿ ತೀರಿಕೊಂಡ.

ಆ ಸಂಜೆ ಮನೆಗೆ ಫೋನು ಮಾಡಿ ಕೇಳಿದೆ. ಅವ್ವ, “ವಾಸ್ಕೋದ ನಳದ ಕಟ್ಟಿ ಮ್ಯಾಲ ಜಾರಿ ಬಿದ್ದಿ, ನಾನ ಎತ್ಕೊಂಡ ದವಾಖಾನಿಗೆ ಓಡೀನಿ” ಎಂದಳು. ಹಿಂದಿನಿಂದ ಅಪ್ಪ, “ಇಲ್ಲ, ಅದು ಊರಾಗ ಆಗಿದ್ದು” ಎಂದ. ಇಬ್ಬರೂ ಜಗಳಕ್ಕೆ ಬಿದ್ದರು. ಆಯಿಯನ್ನು ಕೇಳಿದರೆ, ಚಿಕ್ಕವಳಿದ್ದಾಗ ನಾನು ಊರಿಗೆ ಬಂದದ್ದು ಒಂದು ಸಲವೋ ಎರಡು ಸಲವೋ ಆಕೆಗೇ ನೆನಪಿಲ್ಲ. ಫಕೀರಪ್ಪಜ್ಜ ಅಂದು ಕಟ್ಟೆಯ ಮೇಲೆ ಮರೆತಿದ್ದನೋ, ನಿಲ್ದಾಣದಲ್ಲಿ ಕಲೆಯನ್ನು ಕಂಡು ಕಥೆ ಕಟ್ಟಿದನೋ, ಎರಡು ಸಲವೂ ತನಗೆ ಗೊತ್ತಿದ್ದಷ್ಟನ್ನೇ ಹೇಳಿದನೋ. ಈಗ ಬಿಬಿಎ ಮುಗಿದಿದೆ. ಎಂಎ ಅರ್ಥಶಾಸ್ತ್ರಕ್ಕೆ ಕೇಳಿದೆ. ಪದವಿಯಲ್ಲಿ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿದವರಿಗೆ ಮಾತ್ರ ಎಂದರು. ನನ್ನ ಹಣೆಯ ಮೇಲಿನ ಗಾಯ ಯಾವ ಊರಿನಲ್ಲಿ ಆದದ್ದು ಎಂದು ನನಗೆ ಗೊತ್ತಿಲ್ಲ.